ಕುಶಾಲನಗರದ ಮನೆ ಮಾರಿ ಮಡಿಕೇರಿ ಗುಡ್ಡದಲ್ಲಿ ಸೈಟ್ ತಗೊಳ್ಳಬಹುದಾ?

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಕುಶಾಲನಗರದಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತೆರಡು ವರ್ಷ ಆಯಿತು. ನಾವು ಬಂದಾಗ ಮನೆ ಹಿಂದೆ ಪೂರ್ತಿ ಗದ್ದೆ ಇತ್ತು. ಈಗ ಅಲ್ಲಿ ಲೇಔಟ್ ಆಗಿದೆ, ರಸ್ತೆ ನಮ್ಮ ಗೇಟಿಗಿಂತ ಎತ್ತರಕ್ಕೆ ಬಂದಿದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಹಳೆ ಪರಿಚಯದವರು ಒಬ್ಬೊಬ್ಬರಾಗಿ ಮಾರಿ ಹೋಗುತ್ತಿದ್ದಾರೆ. ಪಕ್ಕದ ಎರಡು ಮನೆ ಹೋಂಸ್ಟೇ ಆಗಿವೆ. ಇದನ್ನು ಮಾರಿ ಮಡಿಕೇರಿ ಹತ್ತಿರ ಗುಡ್ಡದಲ್ಲಿ 10 ಸೆಂಟ್ ಸೈಟ್ ತಗೊಳ್ಳೋಣ, ಮೇಲೆ ಹೋದರೆ ನೀರಿನ ಭಯ ಇಲ್ಲ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಕಾಗದ ಎಲ್ಲ ಸರಿ ಇದೆ ಅಂತ ಬ್ರೋಕರ್ ಹೇಳಿದ್ದಾರೆ. ಅಡ್ವಾನ್ಸ್ ಕೊಡಬಹುದಾ? ನಮ್ಮ ಬೀದಿ ಯಾಕೆ ಹೀಗಾಯಿತು?

ಉತ್ತರ: ಟೀಚರ್, ಅಡ್ವಾನ್ಸ್ ಈಗಲೇ ಕೊಡಬೇಡಿ. ಒಂದು ಕಕ್ಕಡ ಕಳೆಯಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಳೆ ಬಿಡದೆ ಹೊಡೆಯುವ ಆ ದಿನಗಳಲ್ಲಿ ಕೊಡೆ ಹಿಡಿದು ಆ ಸೈಟಿಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಬ್ರೋಕರ್‌ಗಳು ಜಾಗ ತೋರಿಸುವುದು ಜನವರಿ, ಫೆಬ್ರವರಿಯಲ್ಲಿ. ಆಗ ಕೊಡಗಿನಲ್ಲಿ ಯಾವ ಜಾಗ ನೋಡಿದರೂ ಚೆಂದವೇ.

ನಿಮ್ಮ ಯಜಮಾನರ ಮಾತು ನನಗೆ ಅರ್ಥ ಆಗುತ್ತದೆ. ಎರಡು ಸಲ ಮನೆಯೊಳಗೆ ಹೊಳೆ ನೀರು ಬಂದರೆ ಯಾರಿಗಾದರೂ ಎತ್ತರಕ್ಕೆ ಹೋಗೋಣ ಅನ್ನಿಸುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಮೇಲೆ ಹೋದರೂ ನೀರಿನ ಭಯ ತಪ್ಪುವುದಿಲ್ಲ. ಕೆಳಗೆ ಅದು ಬಾಗಿಲಿನಿಂದ ಬರುತ್ತದೆ, ಮೇಲೆ ಮಣ್ಣಿನ ಒಳಗಿನಿಂದ ಬರುತ್ತದೆ. ಕುಶಾಲನಗರದಲ್ಲಿ ನೀರು ಏರುವುದು ಕಣ್ಣಿಗೆ ಕಾಣುತ್ತದೆ, ಮಕ್ಕಳನ್ನು ಎತ್ತಿಕೊಂಡು ಹೊರಡಲು ಸಮಯ ಸಿಗುತ್ತದೆ. ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕುಸಿಯುವಾಗ ಆ ಸಮಯ ಸಿಗುವುದು ಕಡಿಮೆ. ನನಗೆ ಗುಡ್ಡದ ಸೈಟ್ ಬಗ್ಗೆ ಇರುವ ಹೆದರಿಕೆ ಇದೇ.

ಮೊದಲು ನಿಮ್ಮ ಬೀದಿಯ ವಿಷಯ. ಕುಶಾಲನಗರ ಬೆಳೆದದ್ದರಲ್ಲಿ ಆಶ್ಚರ್ಯ ಇಲ್ಲ. ಗುಡ್ಡಗಾಡು ಜಿಲ್ಲೆಯಲ್ಲಿ ಇಷ್ಟು ಚಪ್ಪಟೆ ಜಾಗ ಬೇರೆ ಎಲ್ಲಿದೆ? ಮಡಿಕೇರಿಗಿಂತ ಮಳೆ ತುಂಬಾ ಕಡಿಮೆ. ಮೈಸೂರಿನ ಹೆದ್ದಾರಿ ಊರಿನ ಮಧ್ಯದಲ್ಲೇ ಹೋಗುತ್ತದೆ. ಕೂಡ್ಲೂರಿನಲ್ಲಿ ಕಾಫಿ ಕ್ಯೂರಿಂಗ್ ಕೆಲಸ, ಕೂಡಿಗೆಯಲ್ಲಿ ಸೈನಿಕ ಶಾಲೆ, ಊರಲ್ಲೇ ಎಂಜಿನಿಯರಿಂಗ್ ಕಾಲೇಜು. 2018ರ ಭೂಕುಸಿತದ ನಂತರ ಗುಡ್ಡದ ಮೇಲಿನ ಊರುಗಳಿಂದಲೂ ಜನ ಇಳಿದು ಬಂದು ಇಲ್ಲಿ ಸೈಟ್ ತೆಗೆದುಕೊಂಡರು. ಅವರು ಹೆದರಿ ಕೆಳಗೆ ಬಂದರು, ನೀವು ಹೆದರಿ ಮೇಲೆ ಹೋಗಲು ಹೊರಟಿದ್ದೀರಿ. ಇದನ್ನು ಯೋಚಿಸಿದರೆ ನನಗೆ ನಿಜವಾಗಿಯೂ ಬೇಸರ ಆಗುತ್ತದೆ.

ಈ ಚಪ್ಪಟೆ ಜಾಗ ಚಪ್ಪಟೆಯಾಗಿರುವುದಕ್ಕೂ ಒಂದು ಕಾರಣ ಇದೆ. ಅದು ಕಾವೇರಿ ತಂದು ಹಾಸಿದ ಮಣ್ಣು. ಹೊಳೆ ತುಂಬಿದ ವರ್ಷ ಹರಡಿಕೊಳ್ಳುವುದಕ್ಕೆ ಇಟ್ಟುಕೊಂಡ ಜಾಗ. ಊರು ದಾಟಿ ಕೂಡಿಗೆ ಹತ್ತಿರ ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ. ಎರಡೂ ಒಟ್ಟಿಗೆ ತುಂಬಿದಾಗ ಕಾವೇರಿ ನೀರು ಸರಾಗವಾಗಿ ಮುಂದೆ ಹೋಗಲು ಆಗದೆ ಹಿಂದಕ್ಕೆ ಒತ್ತುತ್ತದೆ. ಸಾಯಿ ಬಡಾವಣೆ, ಕುವೆಂಪು ಬಡಾವಣೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ನಿಮ್ಮ ಮನೆ ಹಿಂದಿನ ಗದ್ದೆ ಏನು ಕೆಲಸ ಮಾಡುತ್ತಿತ್ತು ಅಂತ ಒಂದು ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಏರಿ ಕಟ್ಟಿದ ಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತರೆ ಅದು 6 ಲಕ್ಷ ಲೀಟರ್. ಊರಲ್ಲಿ ಓಡಾಡುವ 12,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 50 ಟ್ಯಾಂಕರ್ ನೀರು, ಬರೀ ಒಂದು ಎಕರೆಯಲ್ಲಿ. ಅಷ್ಟು ನೀರನ್ನು ಹಿಡಿದಿಟ್ಟು ನಿಧಾನವಾಗಿ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಡುತ್ತಿದ್ದ ಜಾಗಕ್ಕೆ ನಾಲ್ಕು ಅಡಿ ಮಣ್ಣು ತುಂಬಿಸಿ ಕಾಂಕ್ರೀಟ್ ರಸ್ತೆ ಹಾಕಿದರೆ ಆ 50 ಟ್ಯಾಂಕರ್ ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿ ಯಾರ ಅಂಗಳ ತಗ್ಗಿನಲ್ಲಿದೆಯೋ ಅಲ್ಲಿಗೆ. ನೀವು ಮನೆ ಕಟ್ಟಿದಾಗ ನಿಮ್ಮದೇನೂ ತಗ್ಗು ಜಾಗ ಆಗಿರಲಿಲ್ಲ. ಸುತ್ತಲಿನವರು ಎತ್ತರ ಮಾಡಿಕೊಂಡು ನಿಮ್ಮದನ್ನು ತಗ್ಗು ಮಾಡಿದರು.

ರಸ್ತೆಯದ್ದೂ ಇದೇ ಕತೆ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯಬೇಕು. ತೆಗೆಯದೆ ಅದರ ಮೇಲೆಯೇ ಹಾಕಿದರೆ ಒಂದೊಂದು ಸಲಕ್ಕೆ ಎರಡು ಮೂರು ಇಂಚು ಏರುತ್ತದೆ. ಇಪ್ಪತ್ತು ವರ್ಷದಲ್ಲಿ ಗೇಟಿನ ಎದುರು ಒಂದು ಮೆಟ್ಟಿಲಷ್ಟು ಎತ್ತರ ಬಂದುಬಿಡುತ್ತದೆ. ಇದು ಯಾರೋ ಒಬ್ಬರು ಮಾಡಿದ ಅನ್ಯಾಯ ಅಂತ ಹೇಳಲು ಆಗುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿದ್ದು ಸೇರಿ ನಿಮ್ಮ ಮನೆಯೊಳಗೆ ನಿಂತಿದೆ.

ಹೊಸಬರು ಬಂದು ಬೀದಿ ಕೆಟ್ಟಿತು ಅನ್ನುವ ಮಾತು ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ. ಆದರೆ ಊರಲ್ಲಿ ತುಂಬಾ ಕೇಳುತ್ತೇನೆ. ಅದನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನೀವೂ ಅಲ್ಲಿಗೆ ಹೊಸಬರೇ ಅಲ್ವಾ? ಮಕ್ಕಂದೂರು, ಹಟ್ಟಿಹೊಳೆ ಕಡೆ ತೋಟ, ಮನೆ ಎರಡೂ ಕಳೆದುಕೊಂಡು ಬಂದವರನ್ನು ಹೊರಗಿನವರು ಅಂತ ಹೇಗೆ ಕರೆಯುವುದು? ಹೋಂಸ್ಟೇ ವಿಷಯ ಬೇರೆ. ಮನೆಯವರು ಅಲ್ಲೇ ವಾಸ ಇದ್ದು ಒಂದೆರಡು ಕೋಣೆ ಅತಿಥಿಗಳಿಗೆ ಕೊಟ್ಟರೆ ಅದು ಹೋಂಸ್ಟೇ. ಮಾಲೀಕರು ಬೆಂಗಳೂರಿನಲ್ಲಿ, ಕೀಲಿಕೈ ಕೆಲಸದವನ ಹತ್ತಿರ, ಶನಿವಾರ ರಾತ್ರಿ ಇಪ್ಪತ್ತು ಜನ ಅಂದರೆ ಅದು ಲಾಡ್ಜ್. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇರಬೇಕು. ಇಲ್ಲದಿದ್ದರೆ ದೂರು ಕೊಡಿ. ಇದರಲ್ಲಿ ಸಂಕೋಚ ಬೇಡ. ಅಂಥ ಮನೆ ನಿಮ್ಮ ಬೀದಿಯ ನೀರನ್ನೂ ಜಾಸ್ತಿ ಎಳೆಯುತ್ತದೆ, ಶೌಚದ ಪಿಟ್ ಕೂಡ ಬೇಗ ತುಂಬಿಸುತ್ತದೆ.

ಇನ್ನು ಗುಡ್ಡದ ಸೈಟ್. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು.

2018ರ ಸೆಪ್ಟೆಂಬರ್‌ನಲ್ಲಿ ಮಡಿಕೇರಿ ಅಂಚಿನ ಒಂದು ಮನೆ ನೋಡಲು ಹೋಗಿದ್ದೆ. ಮನೆಯ ಹಿಂಭಾಗ ಹೋಗಿತ್ತು, ಮುಂಭಾಗ ಹಾಗೇ ನಿಂತಿತ್ತು. ಅಡುಗೆಮನೆಯ ಒಂದು ಗೋಡೆ ಉಳಿದಿತ್ತು, ಅದರ ಮೊಳೆಯಲ್ಲಿ ಸೌಟು ಇನ್ನೂ ನೇತಾಡುತ್ತಿತ್ತು. ಪುಣ್ಯಕ್ಕೆ ಮನೆಯವರು ಹಿಂದಿನ ದಿನವೇ ನೆಂಟರ ಮನೆಗೆ ಹೋಗಿದ್ದರು. ಜೂನ್‌ನಲ್ಲಿಯೇ ಹಿತ್ತಲಲ್ಲಿ ಕಿರುಬೆರಳು ಹೋಗುವಷ್ಟು ಬಿರುಕು ಕಂಡಿತ್ತಂತೆ. ಸಿಮೆಂಟ್ ಕಲಸಿ ಸುರಿದು ಮುಚ್ಚಿದ್ದರು. ಹಿಂದೆ ಹತ್ತು ಅಡಿ ಎತ್ತರದ ಕಲ್ಲಿನ ತಡೆಗೋಡೆ ಇತ್ತು. ಬಿದ್ದ ಕಲ್ಲುಗಳನ್ನು ನೋಡಿದೆ. ಕೆಲಸ ತುಂಬಾ ಚೊಕ್ಕ. ಆದರೆ ಇಡೀ ಗೋಡೆಗೆ ನೀರು ಹೋಗಲು ಒಂದೇ ಒಂದು ಪೈಪ್ ಇಟ್ಟಿರಲಿಲ್ಲ. ಬರೆಯಿಂದ ಆಗಲೂ ಕುಡಿಯಬಹುದಾದಷ್ಟು ತಿಳಿಯಾದ ನೀರು ಜಿನುಗುತ್ತಿತ್ತು. ಅಷ್ಟು ವರ್ಷ ಆ ಒರತೆ ನೀರೆಲ್ಲ ಗೋಡೆಯ ಹಿಂದೆ ಕೂಡಿಕೊಂಡು ತಳ್ಳುತ್ತಾ ಇತ್ತು. ಅವತ್ತಿನಿಂದ ನಾನು ಯಾವ ತಡೆಗೋಡೆ ನೋಡಿದರೂ ಮೊದಲು ಪೈಪ್ ಎಣಿಸುತ್ತೇನೆ.

ನಮ್ಮ ಗುಡ್ಡಗಳ ಮೇಲೆ ಶಿಥಿಲವಾದ ಬಂಡೆಯಿಂದ ಆದ ಮಣ್ಣು ದಪ್ಪವಾಗಿ ಕೂತಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಮೂರ್ನಾಲ್ಕು ತಿಂಗಳಲ್ಲೇ. ನೀರು ಕುಡಿದ ಮಣ್ಣು ಭಾರ ಆಗುತ್ತದೆ. ಕಣಗಳ ನಡುವೆ ನೀರು ತುಂಬಿದಾಗ ಒಂದನ್ನೊಂದು ಹಿಡಿದಿರುವ ಶಕ್ತಿ ಕಡಿಮೆ ಆಗುತ್ತದೆ. ಆದರೂ ಇಳಿಜಾರು ಸಾಮಾನ್ಯವಾಗಿ ನಿಂತಿರುತ್ತದೆ, ಯಾಕೆಂದರೆ ಅದರ ಬುಡ ಅದನ್ನು ಹೊತ್ತಿದೆ. ಸೈಟ್ ಮಾಡುವವರು ಹಿಟಾಚಿ ತಂದು ಮೊದಲು ಕಡಿಯುವುದು ಆ ಬುಡವನ್ನೇ. 2018ರಲ್ಲಿ ಬಂದು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಸಹ ವಿಪರೀತ ಮಳೆಯ ಜೊತೆಗೆ ಹೀಗೆ ಇಳಿಜಾರನ್ನು ಮನಬಂದಂತೆ ಕಡಿದಿದ್ದನ್ನೇ ಬೊಟ್ಟು ಮಾಡಿದರು. ಮಳೆಯೊಂದನ್ನೇ ದೂರಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಹಾಗಂತ ಮನುಷ್ಯ ಮುಟ್ಟದ ಗುಡ್ಡ ಕುಸಿಯುವುದೇ ಇಲ್ಲ ಅನ್ನುವುದೂ ತಪ್ಪು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದ ಸಾವುಗಳು ನಮ್ಮೆಲ್ಲರ ನೆನಪಿನಲ್ಲಿವೆ. ಅಲ್ಲಿ ಲೇಔಟ್ ಇರಲಿಲ್ಲ.

ಹಾಗಾಗಿ ಸೈಟಿಗೆ ಹೋದಾಗ ಮೊದಲು ನಿಮ್ಮ 10 ಸೆಂಟನ್ನು ಮರೆತು ಅದರ ಮೇಲೆ ಏನಿದೆ ನೋಡಿ. ಮೇಲೆ ರಸ್ತೆ ಇದ್ದರೆ ಅದರ ಚರಂಡಿ ಎಲ್ಲಿ ಬಿಡುತ್ತದೆ? ಮೇಲಿನ ಮನೆಯವರ ಶೌಚದ ಪಿಟ್ ಎಲ್ಲಿದೆ? ಒಳಚರಂಡಿ ಇಲ್ಲದ ಕಡೆ ಹತ್ತು ಮನೆಯ ನೀರು ದಿನವೂ ಗುಡ್ಡದ ಹೊಟ್ಟೆಗೇ ಇಳಿಯುತ್ತಿರುತ್ತದೆ. ಮೇಲಿನ ತೋಟದಲ್ಲಿ ಇಂಗುಗುಂಡಿ ತೋಡಿದ್ದಾರಾ ಕೇಳಿ. ಬಯಲುಸೀಮೆಯಲ್ಲಿ ಇಂಗುಗುಂಡಿ ವರ, ಕಡಿದಾದ ಇಳಿಜಾರಿನಲ್ಲಿ ಅದು ಅಪಾಯ. ನೀವು ಮನೆ ಕಟ್ಟಿದ ಮೇಲೂ ಇದೇ ಲೆಕ್ಕ. 1,000 ಚದರ ಅಡಿ ಚಾವಣಿಯ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 9,000 ಲೀಟರ್‌ಗಿಂತ ಜಾಸ್ತಿ ನೀರು ಆಗುತ್ತದೆ. ಅದನ್ನು ಪೈಪಿನಲ್ಲಿ ತೋಡಿನ ತನಕ ಇಳಿಸಬೇಕು. ಅಂಗಳದ ಅಂಚಿಗೆ ಬಿಟ್ಟರೆ ನಿಮ್ಮ ಕೆಳಗಿನ ಮನೆಯವರ ಬರೆಗೆ ನೀವೇ ನೀರು ಕುಡಿಸಿದಂತೆ.

ಆಮೇಲೆ ಕಡಿದ ಮಣ್ಣು ಎಲ್ಲಿ ಹೋಯಿತು ಅಂತ ಕೇಳಿ. ಇದು ಬಹಳ ಮುಖ್ಯ. ಇಳಿಜಾರಿನಲ್ಲಿ ಸೈಟ್ ಮಟ್ಟ ಮಾಡುವಾಗ ಮೇಲಿನ ಅರ್ಧ ಕಡಿದು ಕೆಳಗಿನ ಅರ್ಧಕ್ಕೆ ತುಂಬುತ್ತಾರೆ. ನೋಡಲು ಆಟದ ಮೈದಾನದಂತೆ ಇರುತ್ತದೆ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ ಕೂತರೆ ಎರಡು ಮಳೆಗಾಲದಲ್ಲಿ ಗೋಡೆ ಸೀಳುತ್ತದೆ. ಅಂಚಿನಲ್ಲಿ ಗುದ್ದಲಿ ಹಾಕಿ ನೋಡಿ. ಎರಡು ಮೂರು ಅಡಿ ಆಳದಲ್ಲಿ ಪ್ಲಾಸ್ಟಿಕ್, ಕೊಳೆತ ಬೇರು, ಕಾಫಿ ಗಿಡದ ತುಂಡು ಸಿಕ್ಕಿದರೆ ಅದು ತುಂಬಿಸಿದ ಮಣ್ಣು. ಸುತ್ತಲಿನ ಮರ, ಕರೆಂಟ್ ಕಂಬ ಕೆಳಕ್ಕೆ ವಾಲಿದ್ದರೆ, ಮರದ ಬುಡ ಬಿಲ್ಲಿನಂತೆ ಬಾಗಿದ್ದರೆ, ನೆಲ ಈಗಾಗಲೇ ನಿಧಾನವಾಗಿ ಜಾರುತ್ತಿದೆ ಅಂತ ಅರ್ಥ. ಕಕ್ಕಡದಲ್ಲಿ ಹೋಗಿ ಅಂದಿದ್ದು ಒರತೆ ನೋಡಲು. ಬರೆಯಿಂದ ನೀರು ಬರುವುದು, ಮುಖ್ಯವಾಗಿ ಇದ್ದಕ್ಕಿದ್ದಂತೆ ಕೆಸರು ನೀರು ಬರುವುದು ಕಂಡರೆ ಆ ಜಾಗ ಬಿಟ್ಟುಬಿಡಿ. ಚೌಕಾಸಿ ಕೂಡ ಮಾಡಬೇಡಿ.

ಐನ್‌ಮನೆಗಳನ್ನು, ಅಂದರೆ ಕೊಡವ ಕುಟುಂಬಗಳ ಹಳೆಯ ಮೂಲ ಮನೆಗಳನ್ನು, ನೆನಪಿಸಿಕೊಳ್ಳಿ. ಗದ್ದೆ ಕೆಳಗೆ, ಬಾಣೆ (ಗದ್ದೆಗೆ ಸೇರಿದ ಎತ್ತರದ ಮರಗಾಡಿನ ಜಾಗ) ಮೇಲೆ, ಮನೆ ಇವೆರಡರ ಮಧ್ಯೆ, ಗದ್ದೆಗಿಂತ ಎತ್ತರದ ಗಟ್ಟಿ ನೆಲದಲ್ಲಿ. ಗದ್ದೆಗೆ ಇಳಿಯಲಿಲ್ಲ, ಕಡಿದಾದ ಜಾಗಕ್ಕೂ ಏರಲಿಲ್ಲ. 1681ರಲ್ಲಿ ಮುದ್ದುರಾಜ ಮಡಿಕೇರಿ ಕಟ್ಟಿದ ಮೇಲೂ ಬಹಳ ಕಾಲ ಅಲ್ಲಿನ ಮನೆಗಳು ಹುಲ್ಲಿನ, ಹಂಚಿನ ಮಾಡಿನ ಹಗುರ ಮನೆಗಳೇ. ಈಗ ಅದೇ ಇಳಿಜಾರಿಗೆ ಕಂಬ ನಿಲ್ಲಿಸಿ ನಾಲ್ಕು ಅಂತಸ್ತು ಏರಿಸುತ್ತಿದ್ದೇವೆ.

ಕಾಗದದ ವಿಷಯಕ್ಕೆ ಬರುತ್ತೇನೆ. ‘ಕನ್ವರ್ಷನ್ ಆಗಿದೆ, ಹೆದರಬೇಡಿ’ ಅನ್ನುತ್ತಾರೆ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಆಗುವ ಭೂ ಪರಿವರ್ತನೆ, ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಕೊಡುವ ಅನುಮತಿ ಅಷ್ಟೇ. ಮಣ್ಣು ಗಟ್ಟಿ ಇದೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಪರಿವರ್ತನೆ ಆದ ಮೇಲೂ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಅದಿಲ್ಲದೆ ಸೆಂಟ್ ಲೆಕ್ಕದಲ್ಲಿ ತುಂಡು ಮಾಡಿ ಮಾರುವ ರೆವಿನ್ಯೂ ಸೈಟ್ ಹತ್ತಿರ ಹೋಗಬೇಡಿ. ಜಾಗ 500 ಚದರ ಮೀಟರ್‌ಗಿಂತ ದೊಡ್ಡ ಬಡಾವಣೆಯಲ್ಲಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ಅವರ ವೆಬ್‌ಸೈಟಿನಲ್ಲಿ ನೀವೇ ನೋಡಿ.

ಕೊಡಗಿನದ್ದೇ ಆದ ಇನ್ನೊಂದು ತೊಡಕು ಇದೆ. ಜಾಗ ಜಮ್ಮಾ ಬಾಣೆ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಬಾಣೆ) ಆಗಿದ್ದರೆ ಪಹಣಿಯಲ್ಲಿ ಪಟ್ಟೆದಾರರ ಜೊತೆ ಒಕ್ಕದ, ಅಂದರೆ ಆ ಮನೆತನದ, ಹಲವರ ಹೆಸರು ಇರಬಹುದು. ಮಾರುವವರು ಒಬ್ಬರೇ ಬಂದು ಸಹಿ ಹಾಕಿದರೆ ಸಾಲದು. ಪಾಲು ಆಗಿದೆಯಾ, ಉಳಿದವರ ಒಪ್ಪಿಗೆ ಇದೆಯಾ, ನಿಮ್ಮ ತುಂಡಿಗೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಆಗಿದೆಯಾ ನೋಡಬೇಕು. ಪೈಸಾರಿ, ಅಂದರೆ ಸರ್ಕಾರಿ ಜಾಗವಾದರೆ ಮಾತೇ ಬೇಡ. ಇದಕ್ಕೆ ಬ್ರೋಕರ್ ಕರೆದುಕೊಂಡು ಬಂದ ವಕೀಲರ ಹತ್ತಿರ ಹೋಗಬೇಡಿ. ನಿಮ್ಮವರೇ ಒಬ್ಬ ವಕೀಲರಿಗೆ ಫೀಸ್ ಕೊಟ್ಟು ಮೂಲ ಪತ್ರದಿಂದ ಓದಿಸಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ಈಗಿನ ಮನೆಯನ್ನು ಇಟ್ಟುಕೊಳ್ಳಿ. ನಿಮ್ಮದು ಮೊಣಕಾಲುದ್ದದ ನೀರು, ರಭಸ ಇಲ್ಲದೆ ನಿಂತ ನೀರು. ಅದರ ಜೊತೆ ಬದುಕುವ ಹಾಗೆ ಮನೆಯನ್ನು ಬದಲಿಸಬಹುದು. 2018 ಮತ್ತು 2019ರ ಕಲೆ ಗೋಡೆಯಲ್ಲಿ ಎಲ್ಲಿವರೆಗೆ ಬಂದಿತ್ತು ಗುರುತು ಮಾಡಿ. ಸ್ವಿಚ್, ಪ್ಲಗ್, ಮೀಟರ್ ಬೋರ್ಡ್ ಎಲ್ಲ ಅದಕ್ಕಿಂತ ಎರಡು ಅಡಿ ಮೇಲೆ ಹೋಗಲಿ. ಶೌಚಾಲಯದ ಲೈನಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಪ್ರವಾಹದಲ್ಲಿ ನೀರು ಎಷ್ಟೋ ಸಲ ಬಾಗಿಲಿಗಿಂತ ಮೊದಲು ಕಮೋಡಿನಿಂದ ನುಗ್ಗುತ್ತದೆ. ಸಂಪಿನ ಬಾಯಿ ನೆಲದಿಂದ ಎತ್ತರಿಸಿ. ಅಡಿಪಾಯ ತಡೆಯುತ್ತದೆ ಅಂತ ಎಂಜಿನಿಯರ್ ಹೇಳಿದರೆ ಮೇಲೆ ಎರಡು ಕೋಣೆ ಏರಿಸಿ. ಪತ್ರ, ಪುಸ್ತಕ, ಅಕ್ಕಿ, ಹಾಸಿಗೆ ಮಳೆಗಾಲದಲ್ಲಿ ಅಲ್ಲೇ ಇರಲಿ. ಇದಕ್ಕೆ ಆಗುವ ಖರ್ಚು, ಗುಡ್ಡದಲ್ಲಿ ಒಂದು ಸರಿಯಾದ ತಡೆಗೋಡೆ ಕಟ್ಟಿಸುವ ಖರ್ಚಿನ ಹತ್ತಿರವೂ ಬರುವುದಿಲ್ಲ. ನಿವೃತ್ತಿ ಆದ ಮೇಲಿನ ಮಾತೂ ಇದೆ. ಗುಡ್ಡದ ಮೇಲಿನ ಕಡಿದಾದ ದಾರಿಯಲ್ಲಿ, ಮಳೆಯಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಔಷಧಿ ಅಂಗಡಿಗೆ ಹೋಗಿ ಬರುವುದನ್ನು ಇಬ್ಬರೂ ಕೂತು ಯೋಚಿಸಿ.

ಮಾರಲೇಬೇಕು ಅನ್ನಿಸಿದರೆ ಕುಶಾಲನಗರದಲ್ಲೇ ಆ ಎರಡೂ ವರ್ಷ ನೀರು ಬಾರದ ಬೀದಿಗಳಿವೆ. ಆ ಬೀದಿಯ ಅಂಗಡಿಯವರನ್ನು, ಹಾಲು ಹಾಕುವವರನ್ನು ಕೇಳಿ. ಬ್ರೋಕರ್ ಮರೆತದ್ದನ್ನು ಅವರು ಮರೆತಿರುವುದಿಲ್ಲ.

ಬೀದಿಗಾಗಿ ಏನು ಮಾಡಬಹುದು? ತುಂಬಾ ಮಾಡಬಹುದು. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ನೋಡಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಹಳೆ ಗದ್ದೆಗಳ ನಡುವೆ ತೋಡು ಎಲ್ಲಿ ಹರಿಯುತ್ತಿತ್ತು ಅಂತ ಗ್ರಾಮ ನಕ್ಷೆಯಲ್ಲಿ ಗೆರೆ ಇರುತ್ತದೆ. ಈಗ ಆ ಗೆರೆಯ ಮೇಲೆ ಏನಿದೆ? ಲೇಔಟಿನ ಅನುಮೋದಿತ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲಿ ಚರಂಡಿ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ತೋರಿಸಿರುತ್ತಾರೆ. ಆ ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ ಆಗಿದೆಯಾ ಕೇಳಿ. ಎಷ್ಟೋ ಕಡೆ ಉದ್ಯಾನ ನಕ್ಷೆಯಲ್ಲಿದೆ, ನೆಲದ ಮೇಲೆ ಮನೆ ಇದೆ. ಮುಂದಿನ ಸಲ ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟ ಆದಾಗ ಆಕ್ಷೇಪಣೆ ಸಲ್ಲಿಸಲು ಕಾಲ ಕೊಡುತ್ತಾರೆ. ಆಗ ನಿಮ್ಮ ಕೈಯಲ್ಲಿ ಈ ಮೂರು ಕಾಗದ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಡಾಂಬರು ಹಾಕಲು ಬಂದ ದಿನ ಬೀದಿಯ ಹತ್ತು ಜನ ಒಟ್ಟಿಗೆ ನಿಂತು ‘ಹಳೆಯದನ್ನು ಕೆರೆದು ಹಾಕಿ’ ಅಂತ ಹೇಳಿ. ಹೋಂಸ್ಟೇ ಮಾಲೀಕರನ್ನೂ ಕರೆಯಿರಿ. ನೀರು ಅವರ ಮನೆಗೂ ಬರುತ್ತದೆ.

ಒಂದು ಕೆಲಸ ಈ ವಾರವೇ ಮಾಡಿ. ನಿಮ್ಮ ಬೀದಿಯ ನೀರು ಕೊನೆಗೆ ಹೋಗಿ ಸೇರುವ ಮೋರಿ ಎಲ್ಲಿದೆ ಅಂತ ನಡೆದು ಹೋಗಿ ನೋಡಿ. ಅದರ ಅಗಲ, ಎತ್ತರ ಟೇಪ್ ಹಿಡಿದು ಅಳೆಯಿರಿ. ಒಳಗೆ ಎಷ್ಟು ಹೂಳು ತುಂಬಿದೆ ಬರೆದುಕೊಳ್ಳಿ. ಆಮೇಲೆ ಹೊಸ ಲೇಔಟಿನಿಂದ ಎಷ್ಟು ಚರಂಡಿ ಬಂದು ಅದಕ್ಕೆ ಸೇರುತ್ತವೆ ಎಣಿಸಿ. ಅಳತೆ ಮತ್ತು ನಾಲ್ಕು ಫೋಟೋ ನನಗೆ ಕಳುಹಿಸಿ. ಆ ಮೋರಿ ಸಾಲುತ್ತದಾ, ಇಲ್ಲದಿದ್ದರೆ ಎಷ್ಟು ದೊಡ್ಡದು ಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ. ಅರ್ಜಿಯ ಜೊತೆ ಅದನ್ನು ಲಗತ್ತಿಸಿ.